ಹೊಂದದ ಬೇರಿಂಗ್, ಹೆಸರಿಲ್ಲದ ಕಾರ್ಡು

1974ರಲ್ಲಿ ನಾನು ವಿಜಾಪುರದ ಒಂದು ಎಂಜಿನ್ ಬಿಡಿಭಾಗಗಳ ಅಂಗಡಿಯಲ್ಲಿ ಕಾರ್ಡು ನೋಡುವ ಕೆಲಸಕ್ಕೆ ಸೇರಿದೆ. ಈಗಿನ ವಿಜಯಪುರ ಆಗ ನಮ್ಮೆಲ್ಲರ ಬಾಯಲ್ಲಿ ವಿಜಾಪುರವೇ. ನನ್ನ ಕೆಲಸಕ್ಕೆ ಸರಿಯಾದ ಹೆಸರು ಇರಲಿಲ್ಲ. ಹಳ್ಳಿಯಿಂದ ಬಂದವರು "ಕಾರ್ಡಿನ ಅಕ್ಕಾರು" ಎನ್ನುತ್ತಿದ್ದರು. ನಮ್ಮ ಅತ್ತೆಯವರು, ಓಣಿಯಲ್ಲಿ ಯಾರಾದರೂ ಕೇಳಿದರೆ, "ನಮ್ಮ ಸೊಸಿ ಇಂಗ್ಲಿಷ್ ಓದಿ ಹೇಳಾಕ ಹೋಗತಾಳ" ಎಂದು ಮಾತು ಮುಗಿಸಿಬಿಡುತ್ತಿದ್ದರು. ಅಡುಗೆ ಮಾಡಿಟ್ಟು, ಮಕ್ಕಳನ್ನು ಶಾಲೆಗೆ ಕಳಿಸಿ ನಾನು ಹೊರಡಬೇಕು. ಮಕ್ಕಳು ಮನೆಗೆ ಬರುವ ಹೊತ್ತಿಗೆ ನಾನೂ ಬಂದಿರಬೇಕು. ಅಷ್ಟೇ ಒಪ್ಪಂದ. ಜೀವಮಾನದಲ್ಲಿ ನಾನು ಹೊಸ್ತಿಲು ದಾಟಿ ಮಾಡಿದ ಕೆಲಸ ಅದೊಂದೇ. ಹಾಗಾಗಿ ಅದರ ಮೇಲೆ ಪ್ರೀತಿ ತುಸು ಹೆಚ್ಚು.

ಅಂಗಡಿ ಮಲ್ಲೇಶಪ್ಪ ಕಾಕಾ ಅವರದು. ನಮ್ಮ ಮಾವನವರ ಗೆಳೆಯರು. ಗಿರಾಕಿಗೆ ಒಂದು ನಟ್ಟು ಕೊಡುವುದಿದ್ದರೂ ಅದನ್ನು ಧೋತರದ ಅಂಚಿಗೆ ಒರೆಸಿಯೇ ಕೊಡುವ ಅಭ್ಯಾಸ ಅವರಿಗೆ. ಸಂಜೆಯ ಹೊತ್ತಿಗೆ ಆ ಅಂಚು ಇದ್ದಿಲಿನಂತಾಗಿರುತ್ತಿತ್ತು. ಆ ವರ್ಷಗಳಲ್ಲಿ ತಿಕೋಟಾ, ಬಬಲೇಶ್ವರದ ಕಡೆ ಬಾವಿ ಬಾವಿಗೂ ಡೀಸೆಲ್ ಎಂಜಿನ್ನುಗಳು ಬಂದಿದ್ದವು. ಒಂದೊಂದು ಒಂದೊಂದು ಕಂಪನಿಯವು. ಕೆಲವು ಕಂಪನಿಗಳು ಮುಚ್ಚಿಯೇ ಹೋಗಿದ್ದವು. ಪರದೇಶದಿಂದ ಬಂದ ಕೆಲವಕ್ಕೆ ಬಿಡಿಭಾಗ ಎಲ್ಲಿಯೂ ಸಿಗುತ್ತಿರಲಿಲ್ಲ. ಎಂಜಿನ್ನು ಕೆಟ್ಟರೆ ಕೇಳುವ ಪ್ರಶ್ನೆ ಒಂದೇ: ಇದರ ಒಳಗೆ ಬೇರೆ ಯಾವುದರ ಭಾಗ ಹೊಂದುತ್ತದೆ? ಲಾರಿಯ ಸ್ಪ್ರಿಂಗು ಈ ಎಂಜಿನ್ನಿಗೆ, ಟ್ರ್ಯಾಕ್ಟರಿನ ಬೇರಿಂಗ್ ಆ ಎಂಜಿನ್ನಿಗೆ. ಈ ವಿದ್ಯೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಊರೂರಿನ ರಿಪೇರಿ ಮಿಸ್ತ್ರಿಗಳ ತಲೆಯಲ್ಲಿ ಚೂರು ಚೂರಾಗಿ ಇತ್ತು.

ಆ ಚೂರುಗಳನ್ನು ಒಂದು ಕಡೆ ಸೇರಿಸಲು ಕಾಕಾ ಯೋಚಿಸುತ್ತಿದ್ದಾಗ ನನಗೆ ನಮ್ಮ ಕಾನ್ವೆಂಟ್ ಶಾಲೆ ನೆನಪಾಯಿತು. ಹೆಣಿಗೆ ಕಲಿಸುತ್ತಿದ್ದ ಸಿಸ್ಟರ್ ಅವರೇ ಅಲ್ಲಿ ಲೈಬ್ರರಿಯನ್ನೂ ನೋಡಿಕೊಳ್ಳುತ್ತಿದ್ದರು. ಅವರ ಹತ್ತಿರ ವಿಚಿತ್ರವಾದ ಕಾರ್ಡುಗಳಿದ್ದವು. ದಪ್ಪ ರಟ್ಟು, ಅಂಚಿನುದ್ದಕ್ಕೂ ಸಾಲಾಗಿ ತೂತು. ಒಂದೊಂದು ತೂತು ಒಂದೊಂದು ಪ್ರಶ್ನೆ. ಉತ್ತರ ಹೌದು ಎಂದಾದರೆ ತೂತಿನಿಂದ ಅಂಚಿನವರೆಗೆ ಕತ್ತರಿಸಿ ಬಾಯಿ ತೆರೆಯಬೇಕು; ಇಲ್ಲವಾದರೆ ತೂತನ್ನು ಹಾಗೇ ಬಿಡಬೇಕು. ಎಲ್ಲ ಕಾರ್ಡುಗಳನ್ನೂ ಜೋಡಿಸಿ ಹಿಡಿದು, ಬೇಕಾದ ತೂತಿಗೆ ಹೆಣಿಗೆಯ ಕಡ್ಡಿ ಪೋಣಿಸಿ ಎತ್ತಿ ಅಲುಗಿಸಿದರೆ, ಬಾಯಿ ತೆರೆದ ಕಾರ್ಡುಗಳು ಕಡ್ಡಿಯಲ್ಲಿ ನಿಲ್ಲದೆ ಉದುರುತ್ತವೆ. ಉದುರಿದವೇ ಉತ್ತರ. ಇದೇ ರೀತಿ ಎಂಜಿನ್ನಿನ ಕಾರ್ಡು ಮಾಡಬಹುದಲ್ಲ ಎಂದೆ. ಕಾಕಾ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಿಂದ ದಪ್ಪ ಕಾಗದ ತರಿಸಿದರು, ಬಡಿಗನಿಂದ ಕಟ್ಟುಕಟ್ಟಾಗಿ ತೂತು ಹೊಡೆಸಿದರು. ಕಡ್ಡಿ ನನ್ನದೇ. ಮಗಳ ಸ್ವೆಟರು ಆ ವರ್ಷ ಅರ್ಧಕ್ಕೆ ನಿಂತಿತು.

ಯಾವ ತೂತಿಗೆ ಯಾವ ಅರ್ಥ ಎಂಬುದನ್ನು ಒಂದು ತಗಡಿನ ಮೇಲೆ ಬರೆಸಿ, ಗಿರಾಕಿಗಳಿಗೆ ಕಾಣುವಂತೆ ಗೋಡೆಗೆ ಹಾಕಿದೆವು. ಅದರಲ್ಲಿ ಔದಾರ್ಯವೇನೂ ಇರಲಿಲ್ಲ. ಬಂದವರಿಗೆಲ್ಲ ಬಿಡಿಸಿ ಹೇಳಿ ಹೇಳಿ ಕಾಕಾ ಬೇಸತ್ತಿದ್ದರು, ಅಷ್ಟೇ. ಯಾರು ಬೇಕಾದರೂ ಕಡ್ಡಿ ಹಿಡಿದು ಹುಡುಕಬಹುದು, ಬೇಕಾದ ಕಾರ್ಡನ್ನು ನಕಲು ಮಾಡಿಕೊಳ್ಳಬಹುದು. ಒಂದೇ ಕರಾರು: ನೋಡಿ ಹೋದವರು, ಹಾಕಿದ ಭಾಗ ನಡೆಯಿತೋ ಇಲ್ಲವೋ ಬಂದು ಹೇಳಬೇಕು. ಬಬಲೇಶ್ವರದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಈರಣ್ಣ ಎಂಬ ಮಿಸ್ತ್ರಿ ಕಾರ್ಡಿನ ಪೆಟ್ಟಿಗೆಯ ಪೂರ್ತಿ ನಕಲು ಮಾಡಿಕೊಂಡು, ಜೈನಾಪುರ, ಮಮದಾಪುರದ ಕಡೆಯವರಿಗೆ ಅಲ್ಲಿಯೇ ನೋಡಿ ಹೇಳತೊಡಗಿದ. ಅವನ ಹೊಸ ಕಾರ್ಡುಗಳು ಬಿಸ್ಕೀಟಿನ ಡಬ್ಬಿಯಲ್ಲಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ನಮಗೆ ಬರುತ್ತಿದ್ದವು; ನಮ್ಮವು ಅದೇ ಡಬ್ಬಿಯಲ್ಲಿ ಅವನಿಗೆ ಹೋಗುತ್ತಿದ್ದವು.

ಈಗ ಪತ್ರಿಕೆಗಳಲ್ಲಿ ಓಪನ್ ಸೋರ್ಸ್ ಡೇಟಾಬೇಸ್ ಎಂಬ ಮಾತನ್ನು ಓದುತ್ತೇನೆ. ಮಾಹಿತಿ ಜೋಡಿಸಿಟ್ಟು ಹುಡುಕಿಕೊಡುವ ಕಂಪ್ಯೂಟರಿನ ಸಾಫ್ಟ್‌ವೇರು. ಅದರ ಒಳಗನ್ನು ಎಲ್ಲರಿಗೂ ತೆರೆದಿಡುತ್ತಾರಂತೆ, ಯಾರು ಬೇಕಾದರೂ ನಕಲು ಮಾಡಿಕೊಂಡು ತಿದ್ದಬಹುದಂತೆ. ಪುಕ್ಕಟೆ ಕೊಟ್ಟು ಹೊಟ್ಟೆ ಹೊರೆಯುವುದು ಹೇಗೆ ಎಂದು ದೊಡ್ಡ ದೊಡ್ಡವರು ಚರ್ಚೆ ಮಾಡುತ್ತಾರೆ. ಕಂಪ್ಯೂಟರಿನ ಸಂಗತಿ ನನಗೆ ಅಷ್ಟಾಗಿ ತಿಳಿಯದು. ಆದರೆ ಈ ಪ್ರಶ್ನೆ ಮಾತ್ರ ಗುರುತಿನದು. ಮಲ್ಲೇಶಪ್ಪ ಕಾಕಾ ಒಂದು ಚಳಿಗಾಲವಿಡೀ ಇದೇ ಪ್ರಶ್ನೆಯನ್ನು ತಲೆದಿಂಬಿನ ಹಾಗೆ ಇಟ್ಟುಕೊಂಡು ಮಲಗಿದ್ದರು.

ಅದನ್ನು ಹೇಳುವ ಮೊದಲು ಮಿಸ್ತ್ರಿಗಳ ಒಂದು ಪದ್ಧತಿ ಹೇಳಬೇಕು. ಭಾಗ ಹೊಂದಿದರೆ ಅವರು ಎದೆಯುಬ್ಬಿಸಿ ಬರುತ್ತಿದ್ದರು, "ನನ್ನ ಹೆಸರು ದೊಡ್ಡದಾಗಿ ಬರೀರಿ ಅಕ್ಕಾರ" ಎನ್ನುತ್ತಿದ್ದರು. ಹೊಂದದಿದ್ದರೆ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಮಿಸ್ತ್ರಿಯ ಕೈ ತಪ್ಪಿತು ಎಂಬ ಸುದ್ದಿ ಹಳ್ಳಿಯಲ್ಲಿ ಎಂಜಿನ್ನಿನ ಸದ್ದಿಗಿಂತ ದೂರ ಹೋಗುತ್ತದೆ. ನನಗೂ ಇದು ಮೊದಲು ತಿಳಿಯಲಿಲ್ಲ. ಒಂದು ಮಳೆಗಾಲದ ಮಧ್ಯಾಹ್ನ ತಿಕೋಟಾದ ಬಸಪ್ಪ ಮಿಸ್ತ್ರಿ ಬಂದರು. ಆ ಸೀಮೆಯಲ್ಲಿ ಅವರ ಮಾತೆಂದರೆ ಮಾತು. ಗ್ರೀಸು ಮೆತ್ತಿದ ಅಂಗಿಯ ಜೇಬಿನಲ್ಲಿ ಹಾಲಿನಂಥ ಬಿಳಿಯ ಕರವಸ್ತ್ರ ಇಟ್ಟಿರುತ್ತಿದ್ದರು, ಕನ್ನಡಕ ಒರೆಸಲು ಮಾತ್ರ. ಚಹಾ ಬಸಿಗೆ ಹುಯ್ದುಕೊಳ್ಳುತ್ತ ಹೇಳಿದರು:

"ಅಕ್ಕಾರ, ಜೈನಾಪುರದಾಗ ಯಾವನೋ ಒಬ್ಬ ಹಳೇ ಹಸರ ಎಂಜಿನ್ನಿಗೆ ಟ್ರ್ಯಾಕ್ಟರಿನ ಬೇರಿಂಗ್ ಹಾಕ್ಯಾನಂತ. ಅರ್ಧಾ ದಿನದಾಗ ಕರಗಿ ನೀರಾತಂತ. ಎಂಥಾ ಹುಚ್ಚ ಇರಬೇಕು ನೋಡ್ರಿ."

"ಯಾರಂತ್ರಿ?"

"ಯಾರೋ. ಅವನ ಹೆಸರು ತುಗೊಂಡು ನಾವೇನ್ ಮಾಡೂದೈತಿ."

ಆದರೆ ಆ ಯಾರೋ ಮಾಡಿದ್ದನ್ನು ಅವರು ಎಳೆ ಎಳೆಯಾಗಿ ಬಿಡಿಸಿ ಹೇಳಿದರು. ಬೇರಿಂಗಿಗೆ ಎಣ್ಣೆ ಬರುವ ತೂತು ಎಂಜಿನ್ನಿನ ತೂತಿಗೆ ಎಷ್ಟು ಸರಿದು ಕೂತಿತ್ತು, ಕರಗಿದ ಲೋಹ ಬೆರಳಿಗೆ ಹೇಗೆ ಮೆತ್ತಿತು, ವಾಸನೆ ಹೇಗಿತ್ತು. ಹೇಳುವಾಗ ಬಸಿಯನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದರು, ಚಹಾ ಆರಿಹೋಗಿತ್ತು. ಕೇಳಿದ ಸುದ್ದಿಯನ್ನು ಹೇಳುವವನಿಗೆ ವಾಸನೆ ನೆನಪಿರುವುದಿಲ್ಲ. ಅವರು ಹೋದ ಮೇಲೆ ಕಾರ್ಡು ಬರೆದೆ, ಹೆಸರಿನ ಜಾಗವನ್ನು ಖಾಲಿ ಬಿಟ್ಟೆ. ಅಂದಿನಿಂದ ಅದೇ ನಮ್ಮ ಅಂಗಡಿಯ ರೀತಿಯಾಯಿತು. ಹೊಂದಿದ್ದಕ್ಕೆ ಹೆಸರು, ಹೊಂದದ್ದಕ್ಕೆ ಹೆಸರಿಲ್ಲ. ಹೊಂದದ ಕಾರ್ಡುಗಳ ಕಟ್ಟು ಬೆಳೆಯುತ್ತ ಹೋಯಿತು. ಅದನ್ನು ಮಗಳ ಕೆಂಪು ರಿಬ್ಬನ್ನಿನಿಂದ ಕಟ್ಟಿ ಪೆಟ್ಟಿಗೆಯ ಹಿಂಬದಿಗೆ ಇಡುತ್ತಿದ್ದೆ. ಯಾರು ಏನು ಕೇಳಿದರೂ ಎರಡೂ ಕಟ್ಟು ನೋಡಿಯೇ ಉತ್ತರ ಹೇಳುವುದು.

ಆ ವರ್ಷ ದಸರೆಯ ಹೊತ್ತಿಗೆ ನಮ್ಮ ಎದುರಿಗೇ ದೇಸಾಯರು ಎಂಬವರು ದೊಡ್ಡ ಶೋರೂಮ್ ತೆರೆದರು. ಗಾಜಿನ ಬಾಗಿಲು, ಒಳಗೆ ಬಣ್ಣ ಬಣ್ಣದ ಹೊಸ ಎಂಜಿನ್ನುಗಳು. ಅವರ ಗುಮಾಸ್ತರೊಬ್ಬರು ದಿನವೂ ಬಂದು, ನಮಸ್ಕಾರ ಮಾಡಿ, ಅಚ್ಚುಕಟ್ಟಾಗಿ ಕೂತು ನಮ್ಮ ಕಾರ್ಡುಗಳನ್ನು ನಕಲು ಮಾಡಿಕೊಂಡರು. ತಡೆಯುವಂತಿರಲಿಲ್ಲ, ಯಾರು ಬೇಕಾದರೂ ನಕಲು ಮಾಡಬಹುದು ಎಂದು ಹೇಳಿದವರು ನಾವೇ. ನಾನು ಕೆಂಪು ರಿಬ್ಬನ್ನಿನ ಕಟ್ಟನ್ನೂ ಅವರ ಮುಂದೆ ಇಟ್ಟೆ. ಅವರು ನಾಲ್ಕು ಕಾರ್ಡು ತಿರುವಿ, "ಇವು ಕೆಟ್ಟದ್ದರ ಸುದ್ದಿ ಅಲ್ಲೇನ್ರಿ, ಹೆಸರೂ ಇಲ್ಲ. ಇವು ಬ್ಯಾಡ್ರಿ" ಎಂದು ನಯವಾಗಿ ಪಕ್ಕಕ್ಕೆ ಸರಿಸಿದರು. ಎರಡನ್ನೂ ಕೂಡಿಸಿಯೇ ಓದಬೇಕು ಎಂದೆ. ಅವರು ನಕ್ಕು ತಲೆಯಾಡಿಸಿದರು. ಹೆಂಗಸರ ಮಾತಿಗೆ ಆಡಿಸುವ ತಲೆ ಅದು, ನನಗೆ ಗೊತ್ತು.

ದೀಪಾವಳಿಯ ಹೊತ್ತಿಗೆ ಶೋರೂಮಿನಲ್ಲಿಯೂ ಕಾರ್ಡು ನೋಡಿ ಹೇಳತೊಡಗಿದರು. ನಮ್ಮಲ್ಲಿ ಗಿರಾಕಿ ಕಡಿಮೆಯಾದರು. ಬಂದವರಲ್ಲೂ ಬಹಳ ಜನ ನಮ್ಮ ಪೆಟ್ಟಿಗೆಯಲ್ಲಿ ಹುಡುಕಿ, ಭಾಗವನ್ನು ಬೇರೆ ಕಡೆ ಕೊಳ್ಳುತ್ತಿದ್ದರು. ಒಂದು ದಿನ ನಾನು ಅಂಗಡಿಗೆ ಹೋದಾಗ ಕಾಕಾ ತಗಡನ್ನು ಗೋಡೆಯಿಂದ ಇಳಿಸಿ, ಪೆಟ್ಟಿಗೆಯನ್ನು ಒಳಕೋಣೆಗೆ ಸೇರಿಸಿ, ಬಾಗಿಲಿಗೆ ಹೂವಿನ ಪರದೆ ಕಟ್ಟುತ್ತಿದ್ದರು. ಮನೆಯ ಕಿಟಕಿಯದು, ಒಂದು ಕಡೆ ಬಿಸಿಲಿಗೆ ಬಣ್ಣ ಹೋಗಿತ್ತು.

"ಇನ್ನಮ್ಯಾಗ ನಮ್ಮ ಕಡೆ ಸಾಮಾನು ಕೊಂಡವರಿಗಷ್ಟ ಕಾರ್ಡು" ಎಂದರು. "ಎಮ್ಮಿ ಸಾಕಿದಾಂವ ನಾನು, ಹಾಲು ಎದುರಿನ ಮನಿಗೆ. ಇದ್ಯಾವ ನ್ಯಾಯ?"

"ಕಾಕಾ, ಎಮ್ಮಿ ನಮ್ಮದೊಂದ ಅಲ್ರಿ. ಮೇವು ಹಾಕಿದವರು ತಿಕೋಟಾದವರು, ಬಬಲೇಶ್ವರದವರು."

"ಅವರು ಅಂಗಡಿ ಬಾಡಿಗಿ ಕೊಡತಾರೇನವಾ?"

ಅವರ ಮಾತು ಸುಳ್ಳಲ್ಲ. ಅಪ್ಪನ ಕಾಲದ ಅಂಗಡಿ. ಮುಚ್ಚಿದರೆ ಆ ವಯಸ್ಸಿನಲ್ಲಿ ಬೇರೆ ಏನು ಮಾಡಿಯಾರು? ನಾನು ಪರದೆಯ ಹಿಂದೆ ಹೋಗಿ ಕೂತೆ. ಅಲ್ಲಿ ಬೆಳಕು ಕಡಿಮೆ, ಕಾರ್ಡಿನ ತೂತುಗಳನ್ನು ಬೆರಳಿನಿಂದ ಮುಟ್ಟಿ ಗುರುತಿಸಬೇಕಾಗುತ್ತಿತ್ತು. ಕೆಲವು ವಾರ ಯಾರೂ ಏನೂ ಹೇಳಲು ಬರಲಿಲ್ಲ. ಬಬಲೇಶ್ವರದ ಬಿಸ್ಕೀಟಿನ ಡಬ್ಬಿಯೂ ನಿಂತಿತು. ಈರಣ್ಣ ಕಂಡಕ್ಟರರ ಕೈಯಲ್ಲಿ ಹೇಳಿಕಳಿಸಿದ್ದ: "ಅವರು ಮುಚ್ಚಿದ್ರ ನಾವೂ ಮುಚ್ಚತೇವಿ ಅನ್ರಿ." ಪೆಟ್ಟಿಗೆ ತುಂಬಿಯೇ ಇತ್ತು, ಆದರೆ ನಿಂತ ನೀರಿನ ಹಾಗೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೊನವಾಡದ ಶಾಂತವ್ವ ಬಂದರು. ಎತ್ತರದ ಹೆಂಗಸು, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು, ಕೈಯಲ್ಲಿ ಬಟ್ಟೆಯ ಗಂಟು. ಪರದೆಯನ್ನು ನೋಡಿ ಮೊದಲು ಕೇಳಿದ್ದೇ ಇದು:

"ಇದೇನ್ರಿ ಸಾವಕಾರ್ರ, ಒಳಗ ಯಾರರ ಬಾಣಂತಿ ಅದಾರೇನು?"

ಶಾಂತವ್ವ ಗಂಟು ಬಿಚ್ಚಿದರು. ಒಳಗೆ ಒಂದು ಬೇರಿಂಗ್, ಅಂದರೆ ಎಂಜಿನ್ನಿನ ತಿರುಗುವ ದಂಡವನ್ನು ಅಪ್ಪಿಕೊಂಡು ಕೂರುವ ಎರಡು ಅರ್ಧಬಳೆಗಳು. ಒಳಮೈ ಕರಗಿ, ಆರಿದ ಬೆಲ್ಲದ ಪಾಕದಂತೆ ಸುಕ್ಕುಗಟ್ಟಿತ್ತು.

ಅವರ ಕತೆ ಇಷ್ಟು. ಜೋಳ ಬಿತ್ತುತ್ತಿದ್ದ ಹೊಲದ ಒಂದು ಭಾಗಕ್ಕೆ ದ್ರಾಕ್ಷಿ ಹಚ್ಚಿದ್ದರು. ಊರವರೆಲ್ಲ ನಕ್ಕಿದ್ದರು, ಗಂಡನೂ ನಕ್ಕಿದ್ದ. ಬಳ್ಳಿಯನ್ನು ಮಕ್ಕಳಂತೆ ಬೆಳೆಸಿ, ಈ ವರ್ಷ ಮೊದಲನೆಯ ಫಸಲು. ಗೊಂಚಲು ಇಳಿದಿದ್ದವು, ಕಾಳು ಉಬ್ಬುವ ಸಮಯ. ಅಷ್ಟರಲ್ಲಿ ಬಾವಿಯ ಹಸಿರು ಎಂಜಿನ್ನಿನ ಬೇರಿಂಗ್ ಹೋಯಿತು. ಶೋರೂಮಿಗೆ ಹೋದರು, ಅವರು ಕಾರ್ಡು ನೋಡಿ ಟ್ರ್ಯಾಕ್ಟರಿನ ಬೇರಿಂಗ್ ಕೊಟ್ಟರು, ತಮ್ಮ ಫಿಟ್ಟರನನ್ನೇ ಕಳಿಸಿ ಹಾಕಿಸಿಕೊಟ್ಟರು. ಬೆಳಿಗ್ಗೆ ಹೂಡಿದ ಎಂಜಿನ್ನು ಮಧ್ಯಾಹ್ನಕ್ಕೆ ಹಿಡಿದು ನಿಂತಿತು.

"ಕಾಳು ಈಗ ಕಡ್ಲಿಯಷ್ಟ ಅದಾವ" ಎಂದರು ಶಾಂತವ್ವ. "ಈ ವಾರ ನೀರು ಹಾಯಲಿಲ್ಲಂದ್ರ ಹಂಗ ಕಡ್ಲಿಯಾಗೇ ಉಳಿತಾವ. ಆಜುಬಾಜು ಹೊಲದವರು ಒಂದ ಪಾಳಿ ನೀರು ಕೊಟ್ರು, ಇನ್ನ ಕೊಡಂಗಿಲ್ಲ. ಶೋರೂಮಿನವರು ಹೊಸಾ ಎಂಜಿನ್ ತುಗೋರಿ ಅಂತಾರ, ರೊಕ್ಕ ಎಲ್ಲಿಂದ ತರ್ಲಿ? ಊರ ಮುಂದ ನಕ್ಕವರ ಕೈಗೆ ನಾ ಮತ್ತ ಸಿಗೂದಿಲ್ಲರಿ."

ನಾನು ಒಳಗೆ ಹೋಗಿ ಕಡ್ಡಿ ಪೋಣಿಸಿದೆ. ಹೊಂದುವ ಕಟ್ಟಿನಿಂದ ಒಂದು ಕಾರ್ಡು ಬಿತ್ತು: ಹಸಿರು ಎಂಜಿನ್ನು, ಟ್ರ್ಯಾಕ್ಟರಿನ ಬೇರಿಂಗ್, ನಡೆಯುತ್ತದೆ, ಬಬಲೇಶ್ವರದ ಈರಣ್ಣ. ಶೋರೂಮಿನವರು ನೋಡಿದ್ದು ಇದನ್ನೇ. ಕೆಂಪು ರಿಬ್ಬನ್ನಿನ ಕಟ್ಟಿನಿಂದಲೂ ಒಂದು ಬಿತ್ತು: ಅದೇ ಹಸಿರು ಎಂಜಿನ್ನಿನ ಹಳೆಯ ಮಾದರಿ, ಹಿತ್ತಾಳೆಯ ಪಟ್ಟಿ ಇರುವುದು, ಎಣ್ಣೆಯ ತೂತು ಕೂಡುವುದಿಲ್ಲ, ಕರಗುತ್ತದೆ. ಈರಣ್ಣ ಹಾಕಿದ್ದು ಹೊಸ ಮಾದರಿಗೆ. ಕೇಳಿದರೆ, ಶಾಂತವ್ವನ ಎಂಜಿನ್ನಿಗೆ ಇದ್ದದ್ದು ಹಿತ್ತಾಳೆಯ ಪಟ್ಟಿ.

ಯಾಕೆ ಕರಗಿತು ಎಂಬುದು ತಿಳಿಯಿತು. ಹೇಗೆ ಸರಿಮಾಡಬೇಕು ಎಂಬುದು ಆ ಕಾರ್ಡಿನಲ್ಲಿ ಇರಲಿಲ್ಲ. ಆಮೇಲೆ ಯಾರಾದರೂ ಬಂದು ಹೇಳಿದ್ದರೆ ತಾನೆ ಇರುವುದು?

ಕಾಕಾ ಕಾರ್ಡನ್ನು ಬೆಳಕಿಗೆ ಹಿಡಿದು ಖಾಲಿ ಜಾಗವನ್ನು ನೋಡಿದರು. "ಯಾರು ಹೇಳಿದ್ದು ಇದನ್ನ? ಅವನ್ನ ಹಿಡದ್ರ ಏನರ ಹಾದಿ ಸಿಗತೈತಿ. ಹೇಳವಾ."

ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲೇ ಹೆಸರಿತ್ತು. ಆದರೆ ಬಸಪ್ಪ ಮಿಸ್ತ್ರಿ ತಮ್ಮ ಹೆಸರನ್ನು ನನಗೂ ಹೇಳಿರಲಿಲ್ಲ. ನಾನು ತಿಳಿದುಕೊಂಡೆ, ತಿಳಿದುಕೊಂಡದ್ದು ಅವರಿಗೂ ಗೊತ್ತಿತ್ತು, ಅಷ್ಟರ ಮೇಲೆಯೇ ಅವರು ಬಂದು ಹೋಗುತ್ತಿದ್ದರು. ಅವರ ಬೆನ್ನ ಹಿಂದೆ ಹೆಸರು ಬಿಟ್ಟುಕೊಟ್ಟರೆ ನಾಳೆ ಯಾವ ಮಿಸ್ತ್ರಿಯೂ ನನ್ನ ಎದುರು ಚಹಾ ಕುಡಿಯಲಾರ. ಶಾಂತವ್ವ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಕಿವಿಯ ಬೆಂಡೋಲೆ ಅಲುಗುತ್ತಿತ್ತು. ಉಳಿದಂತೆ ಅವರು ಕಲ್ಲಿನಂತೆ ನಿಂತಿದ್ದರು.

"ಕಾಕಾ, ಹೆಸರು ಹೇಳಾಕ ಬರೂದಿಲ್ರಿ" ಎಂದೆ. "ಆದ್ರ ಈ ಅಕ್ಕಾರ ಜೋಡಿ ನಾನ ಹೋಗಿ ಕೇಳಿ ಬರತೇನಿ."

ಒಬ್ಬಳೇ ಊರು ಬಿಟ್ಟು ಬಸ್ಸು ಹತ್ತಿದವಳಲ್ಲ ನಾನು. ಮಕ್ಕಳನ್ನು ನೋಡಿಕೊಳ್ಳಿ ಎಂದು ಪಕ್ಕದ ಮನೆಗೆ ಹೇಳಿ ಹೊರಟೆ. ಬಸಪ್ಪನವರನ್ನು ಪಕ್ಕಕ್ಕೆ ಕರೆದು, ಬೇರಿಂಗ್ ತೋರಿಸಿ, "ಆ ಯಾರೋ ಏನಾದರೂ ಮತ್ತೆ ಮಾಡಿ ನೋಡಿದರಂತೇನು" ಎಂದು ಮೆಲ್ಲಗೆ ಕೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿದೆ. ತಿಕೋಟಾದಲ್ಲಿ ಬಸ್ಸು ಇಳಿದರೆ ಬೇವಿನ ಮರದ ಕೆಳಗಿನ ಅವರ ಶೆಡ್ಡಿನಲ್ಲಿ ಲಾರಿಯವರು, ಬೇರೆ ಮಿಸ್ತ್ರಿಗಳು, ಒಂದು ಹಿಂಡೇ ಕೂತಿತ್ತು. ನಾನು ಬಾಯಿ ತೆರೆಯುವುದರೊಳಗೆ ಶಾಂತವ್ವ ಗಂಟನ್ನು ಎಲ್ಲರ ನಡುವೆ ಬಿಚ್ಚಿಟ್ಟರು.

"ನೋಡ್ರಿ ಯಪ್ಪಾ, ಹಿತ್ತಾಳಿ ಪಟ್ಟಿ ಹಸರ ಎಂಜಿನ್ನಿಗೆ ಟ್ರ್ಯಾಕ್ಟರಿನ ಬೇರಿಂಗ್ ಹಾಕಿದ್ರು. ಹಿಂಗಾತು."

ಒಬ್ಬ ಯುವಕ ಮಿಸ್ತ್ರಿ ಅದನ್ನು ಎತ್ತಿ ನಕ್ಕ. "ಯಾವ ಹುಚ್ಚನ ಕೆಲಸಬೇ ಇದು? ಎಣ್ಣಿ ತೂತ ಎಲ್ಲೈತಿ ಅಂತ ನೋಡಬಾರದೇನು?" ಎಲ್ಲರೂ ನಕ್ಕರು. ಬೇರಿಂಗ್ ಕೈಯಿಂದ ಕೈಗೆ ಹೋಗಿ ಬಸಪ್ಪನವರ ಹತ್ತಿರ ಬಂತು. ಅವರು ನಗಲಿಲ್ಲ. ನನ್ನ ಕಡೆ ಒಮ್ಮೆ ನೋಡಿದರು. ನಾನು ತಲೆ ತಗ್ಗಿಸಿ ಸೆರಗಿನ ತುದಿಯ ದಾರ ಸುತ್ತುತ್ತಿದ್ದೆ. ಅವರು ಬಿಳಿಯ ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಹುಚ್ಚ ನಾನ" ಎಂದರು. "ಮಳಿಗಾಲದಾಗ ನಾನೂ ಹಿಂಗ ಮಾಡಿದ್ನಿ. ಹಿಂಗ ಕರಗಿತ್ತು."

ಆ ಯುವಕ, "ಮಿಸ್ತ್ರಿ, ನೀವಾ?" ಎಂದ.

"ಹೌದಲೇ, ನಾನ. ನೀ ಚಾ ಕುಡಿ, ಆರತೈತಿ."

ಆಮೇಲೆ ಮಾತು ಬೇರೆಯೇ ದಾರಿ ಹಿಡಿಯಿತು. ಅವರು ಸುಮ್ಮನೆ ಬಿಟ್ಟಿರಲಿಲ್ಲ. ದೀಪಾವಳಿಯಾದ ಮೇಲೆ ಮತ್ತೆ ಪ್ರಯತ್ನ ಮಾಡಿ, ಬೇರಿಂಗಿನ ಸರಿಯಾದ ಜಾಗದಲ್ಲಿ ಹೊಸ ತೂತು ಕೊರೆದು, ಒಳಮೈಗೆ ಎಣ್ಣೆ ಹರಿಯಲು ಅಕ್ಕಿಕಾಳಿನ ಅಗಲದ ಕಾಲುವೆ ಕೆತ್ತಿ ಹಾಕಿದ್ದರು. ಅದು ಅಂದಿನಿಂದ ನಡೆಯುತ್ತಲೇ ಇತ್ತು. ನೆಲದ ಮೇಲೆ ಇದ್ದಿಲಿನಿಂದ ಗೀಚಿ ತೋರಿಸಿದರು. ನಕ್ಕವರೆಲ್ಲ ಬಗ್ಗಿ ನೋಡಿದರು.

"ಇದನ್ನ ಯಾಕ ಬಂದು ಹೇಳಲಿಲ್ರಿ ಮಿಸ್ತ್ರಿ?" ಎಂದೆ.

"ಬಂದಿದ್ನಿ ಅಕ್ಕಾರ. ಪರದೆ ಹಾಕಿದ್ರಿ. ನಾ ಗ್ರೀಸಿನ ಕೈಯಾಂವ, ಪರದೆ ಸರಿಸಿ ಒಳಗ ಹೆಂಗ ಬರಲಿ? ಹೊಳ್ಳಿ ಬಂದೆ."

ಅವರು ಆ ದಿನವೇ ಶಾಂತವ್ವನ ಜೊತೆ ಹೊನವಾಡಕ್ಕೆ ಹೊರಟರು. ನಾನು ಮಕ್ಕಳು ಬರುವ ಹೊತ್ತಾಯಿತೆಂದು ವಿಜಾಪುರದ ಬಸ್ಸು ಹಿಡಿದೆ. ಎಂಜಿನ್ನು ಹೊರಟಿತು ಎಂದು ಮರುದಿನ ಕಂಡಕ್ಟರರು ಹೇಳಿದರು. ಆದರೆ ಹೊರಡುವುದು ದೊಡ್ಡದಲ್ಲ, ಮೊದಲೂ ಹೊರಟಿತ್ತು. ಮಧ್ಯಾಹ್ನ ದಾಟಿದರೆ ತಾನೆ. ಕಾಕಾ ಆ ದಿನ ಗಿರಾಕಿಗೆ ಕೊಡುವ ನಟ್ಟು ಒರೆಸುವುದನ್ನೂ ಮರೆತರು. ಅವರಿಗೆ ನಾನು ಪರದೆಯ ಮಾತನ್ನು ಬಸಪ್ಪ ಹೇಳಿದ ಹಾಗೆಯೇ ಹೇಳಿದ್ದೆ.

ಮೂರನೆಯ ದಿನ ಬಸಪ್ಪನವರೇ ಬಂದರು. ಬಾಗಿಲಲ್ಲಿ ನಿಂತು ಬಲಗೈಯನ್ನು ಮುಂದೆ ಚಾಚಿ ತೋರಿಸಿದರು. "ಬೇರಿಂಗಿನ ಮ್ಯಾಗ ಕೈ ಇಟ್ಟು ನೋಡೀನಿ. ತಣ್ಣಗೈತಿ. ಎರಡು ದಿನಾ ಓಡೈತಿ, ಬಳ್ಳಿ ಎಲ್ಲಾ ನೀರು ಕುಡದಾವ." ಕಾಕಾ ಎದ್ದು ಪರದೆಯನ್ನು ಎಳೆದರು. ಕಟ್ಟಿದ ದಾರ ಬಿಚ್ಚಲೂ ತಾಳ್ಮೆ ಇರಲಿಲ್ಲ, ಮೊಳೆ ಸಮೇತ ಕಿತ್ತು ಬಂತು. "ಬರ್ರಿ ಮಿಸ್ತ್ರಿ, ಒಳಗ ಬರ್ರಿ" ಎಂದರು. "ಎಲ್ಲಾ ಗ್ರೀಸಿನ ಕೈನ ಐತಿ ಇಲ್ಲಿ."

ನಾನು ಕಾರ್ಡು ತೆಗೆದೆ. ಎಣ್ಣೆಯ ಕಾಲುವೆಯ ವಿವರ ಬರೆದು, ಹೊಂದುವ ಕಾರ್ಡಿಗೆ ಅವರ ಹೆಸರು ಹಾಕಿದೆ. ಅವರು ಕೆಂಪು ರಿಬ್ಬನ್ನಿನ ಕಟ್ಟಿನತ್ತ ಬೆರಳು ತೋರಿಸಿ, "ಅದರಾಗೂ ಹಾಕ್ರಿ. ಈಗೇನ, ತಿಕೋಟಾಕ್ಕೆಲ್ಲಾ ಗೊತ್ತಾಗೇತಿ" ಎಂದರು.

ಕಾಕಾ ಮಾಡಿದ ಇನ್ನೊಂದು ಕೆಲಸವನ್ನು ನಾನು ನಿರೀಕ್ಷಿಸಿರಲಿಲ್ಲ. ಆ ಕೆಂಪು ಕಟ್ಟನ್ನು ನನ್ನಿಂದ ಪೂರ್ತಿ ನಕಲು ಮಾಡಿಸಿ, ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ನನ್ನನ್ನೂ ಕರೆದುಕೊಂಡು ರಸ್ತೆ ದಾಟಿ ಶೋರೂಮಿಗೆ ಹೋದರು. ದೇಸಾಯರು ಕೆಟ್ಟವರಲ್ಲ. ಶಾಂತವ್ವನ ಎಂಜಿನ್ನಿನ ಸುದ್ದಿ ಕೇಳಿ ಅವರ ಮುಖ ಬಾಡಿತ್ತು.

"ಇದನ್ನ ನಮಗ್ಯಾಕ ಕೊಡಾಕತ್ತೀರಿ?" ಎಂದು ಕೇಳಿದರು. "ನಮ್ಮ ಹೆಸರು ಕೆಟ್ರ ನಿಮಗ ಚಲೋನ ಅಲ್ಲೇನು?"

"ನಿಮ್ಮ ಹೆಸರು ಕೆಡೂದ್ರೊಳಗ ಮಂದಿ ಎಂಜಿನ್ ಎಷ್ಟ ಕೆಡತಾವ ಅನ್ನೂದೂ ನೋಡಬೇಕಲ್ರಿ" ಎಂದರು ಕಾಕಾ. ಗುಮಾಸ್ತರು ಎದ್ದು ನಿಂತು ಎರಡೂ ಕೈಯಲ್ಲಿ ಆ ಕಟ್ಟನ್ನು ತೆಗೆದುಕೊಂಡರು. ಈ ಸಲ ತಲೆಯಾಡಿಸಲಿಲ್ಲ. ಯಾವ ಕಟ್ಟನ್ನು ಮೊದಲು ಓದಬೇಕು ಎಂದು ನನ್ನನ್ನೇ ಕೇಳಿದರು.

ಬಾಡಿಗೆಯ ಪ್ರಶ್ನೆಗೆ ಉತ್ತರವೂ ಆ ಬೇರಿಂಗಿನಿಂದಲೇ ಸಿಕ್ಕಿತು. ಕಾಲುವೆ ಕೆತ್ತುವುದು ಹೇಗೆಂದು ಕಾರ್ಡಿನಲ್ಲಿ ಎಲ್ಲರೂ ಓದಬಹುದಿತ್ತು, ಆದರೆ ಕೆತ್ತಲು ಎಲ್ಲರ ಕೈಗೂ ಬರುತ್ತಿರಲಿಲ್ಲ. ಸಂತೆಯ ದಿನ ಬಸಪ್ಪ ಮಿಸ್ತ್ರಿ ನಮ್ಮ ಅಂಗಡಿಯಲ್ಲಿ ಅರ ಹಿಡಿದು ಕೂರತೊಡಗಿದರು. ತೂತು ಕೊರೆದು, ಕಾಲುವೆ ಕೆತ್ತಿ ತಯಾರಾದ ಬೇರಿಂಗುಗಳನ್ನು ಕಾಕಾ ಮಾರಿದರು. ಕೆಟ್ಟರೆ ತಾವೇ ಹೊಲಕ್ಕೆ ಹೋಗಿ ನೋಡುವುದಾಗಿ ಮಾತು ಕೊಟ್ಟರು. ಕಾರ್ಡು ನೋಡುವುದು ಪುಕ್ಕಟೆ, ಕೈಕೆಲಸಕ್ಕೆ ಮತ್ತು ಕೊಟ್ಟ ಮಾತಿಗೆ ದುಡ್ಡು. ಕೆಲವು ತಿಂಗಳಲ್ಲಿ ಶೋರೂಮಿನವರೇ ನಮ್ಮಿಂದ ತಯಾರು ಬೇರಿಂಗ್ ಕೊಂಡು ಮಾರತೊಡಗಿದರು. ನಾವು ಸಾಹುಕಾರರೇನೂ ಆಗಲಿಲ್ಲ. ಅಂಗಡಿ ಉಳಿಯಿತು. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಶಾಂತವ್ವ ಒಂದು ಬುಟ್ಟಿ ತಂದು ಕೌಂಟರಿನ ಮೇಲೆ ಇಟ್ಟು, "ನಕ್ಕವರಿಗೂ ಕೊಟ್ಟ ಬಂದೇನಿ" ಎಂದಷ್ಟೇ ಹೇಳಿ ಬಸ್ಸಿಗೆ ಹೋದರು.

ಆಮೇಲೆ ನಾನು ಆ ಅಂಗಡಿಯಲ್ಲಿ ಇನ್ನೂ ಕೆಲವು ವರ್ಷ ಕೂತೆ. ನಮ್ಮ ಮನೆಯ ಯಜಮಾನರಿಗೆ ಬೇರೆ ಊರಿಗೆ ವರ್ಗವಾಗುವವರೆಗೆ. ಜನ ತಾವು ಬಲ್ಲದ್ದನ್ನು ಹೇಳಲು ಹಿಂದೆಗೆಯುವುದಿಲ್ಲ, ಅದಕ್ಕೆ ಯಾರ ಕಾವಲೂ ಬೇಕಿಲ್ಲ. ಅವರು ಎಡವಿದ್ದು ಎಲ್ಲಿ ಎಂಬುದೇ ಮುಂದೆ ನಡೆಯುವವನಿಗೆ ಬೇಕಾದ ಮಾತು, ಅದು ಮಾತ್ರ ತಾನಾಗಿ ಬರುವುದಿಲ್ಲ. ಕೂರಲು ಒಂದು ಸ್ಟೂಲು, ಅವಸರವಿಲ್ಲದ ಕಿವಿ, ತೆರೆದ ಬಾಗಿಲು ಇದ್ದರೆ ಬಂದೀತು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಮನೆ ನಡೆಸುವಾಗಲೂ ಇದೇ ನನ್ನ ಕೈಹಿಡಿದಿದೆ.

ಆ ಬೇಸಿಗೆಯ ಕೊನೆಗೆ ಬಬಲೇಶ್ವರದಿಂದ ಈರಣ್ಣ ಡಬ್ಬಿ ಕಳಿಸದೆ ತಾನೇ ಬಸ್ಸು ಹತ್ತಿ ಬಂದ. ಸಿಟ್ಟಿನಲ್ಲಿದ್ದ. "ಅಕ್ಕಾರ, ಹೊಂದದ ಕಟ್ಟಿನಾಗ ಬಸಪ್ಪ ಮಿಸ್ತ್ರಿ ಹೆಸರು ಐತಂತ, ನಂದು ಒಂದೂ ಇಲ್ಲಂತ. ಮಂದಿ ಏನ ತಿಳಕೋಬೇಕು? ನಾ ಏನ್ ಕಡಿಮಿ ಕೆಡಿಸೀನೇನ್ರಿ?" ನಾನು ಚಹಾಕ್ಕೆ ಹೇಳಿ ಪೆನ್ಸಿಲ್ ಚೂಪು ಮಾಡಿಕೊಂಡೆ. ಅವನು ಸ್ಟೂಲು ಎಳೆದುಕೊಂಡು ಕೂತ. ಮಧ್ಯಾಹ್ನದ ಬಸ್ಸು ತಪ್ಪಿಸಿಕೊಂಡು, ಸಂಜೆಯ ಬಸ್ಸಿನವರೆಗೂ ಬರೆಸುತ್ತಲೇ ಇದ್ದ.